ಅಪ್ಪನ ಭೋಂಗಾ, ನನ್ನ ಬಲಗೈ

ನನ್ನ ಬಲಗೈಗೆ ಒಂದು ಚಾಳಿ ಇದೆ. ಎಲ್ಲಾದರೂ ಮೈಕಿನ ದನಿ ಸ್ವಚ್ಛವಾಗಿ ಕಿವಿಗೆ ಬಿದ್ದರೆ ಸಾಕು, ನನ್ನ ಅಪ್ಪಣೆ ಕೇಳದೆ ಅದು ಮೇಲೇಳುತ್ತದೆ. ಐದೂ ಬೆರಳು ಅಗಲಿಸಿಕೊಂಡು, ತಲೆಯ ಮೇಲೆ, ದೂರದವರಿಗೆ ಕಾಣುವ ಹಾಗೆ. ಯಾದಗಿರಿ ಸ್ಟೇಷನ್ನಿನಲ್ಲಿ ಒಮ್ಮೆ, ಗಾಡಿ ತಡವಾಗಿ ಬರುತ್ತದೆಂದು ಹೇಳುವ ಹೆಣ್ಣುದನಿ ಅಪರೂಪಕ್ಕೆ ಸ್ಪಷ್ಟವಾಗಿ ಕೇಳಿಸಿತು. ನಾನು ಕೈ ಎತ್ತಿ ನಿಂತೆ. ಎದುರಿನ ಪ್ಲಾಟ್‌ಫಾರ್ಮಿನಲ್ಲಿದ್ದ ಯಾರೋ ಹಿರಿಯರು, ಪಾಪ, ಗುರುತಿನವಳಿರಬೇಕೆಂದು ತಾವೂ ಕೈ ಎತ್ತಿದರು. ಆಮೇಲೆ ಗಾಡಿ ಬರುವವರೆಗೆ ನಾವಿಬ್ಬರೂ ಬೇರೆ ಬೇರೆ ದಿಕ್ಕು ನೋಡಿಕೊಂಡು ನಿಲ್ಲಬೇಕಾಯಿತು. ಇನ್ನೊಮ್ಮೆ ಶಿಕ್ಷಕರ ತರಬೇತಿಯಲ್ಲಿ, ಭಾಷಣ ರಂಗೇರಿದಾಗ ಕೈ ಎದ್ದುಬಿಟ್ಟಿತು. "ಹಾಂ, ಆ ಮೇಡಮ್ಮೋರು ಏನೋ ಕೇಳಬೇಕಂತಾರ, ಕೇಳ್ರಿ" ಎಂದು ನನ್ನನ್ನು ಎಬ್ಬಿಸಿದರು. ಭಾಷಣ ಯಾವುದರ ಮೇಲೆ ನಡೆದಿತ್ತೋ ದೇವರೇ ಬಲ್ಲ. ನಾನು ಕೇಳುತ್ತಿದ್ದುದು ದನಿಯನ್ನು, ಮಾತನ್ನಲ್ಲ. "ಏನಿಲ್ರಿ ಸರ್, ಬರೋಬ್ಬರಿ ಕೇಳಾಕತ್ತದ" ಎಂದು ಹೇಳಿ ಕೂತೆ.

ಈ ಚಾಳಿ ಹಚ್ಚಿದವನು ನಮ್ಮಪ್ಪ, ಶಹಾಪುರದ ಮೈಕಿನ ಶರಣಪ್ಪ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನದೊಂದು ತಗಡಿನ ದುಕಾನ. ಒಳಗೆ ಎರಡು ಭೋಂಗಾ. ಮೈಕ್‌ಸೆಟ್ಟಿನ ತಗಡಿನ ತುತ್ತೂರಿಗೆ, ಉಮ್ಮತ್ತಿ ಹೂವಿನ ಹಾಗೆ ಬಾಯಿ ಅಗಲಿಸಿಕೊಂಡಿರುತ್ತದಲ್ಲ, ಅದಕ್ಕೆ ನಮ್ಮ ಕಡೆ ಭೋಂಗಾ ಅನ್ನುತ್ತಾರೆ. ಎರಡು ಭೋಂಗಾ, ಒಂದು ಮಷೀನು, ಒಂದು ಬ್ಯಾಟರಿ, ವೈರಿನ ಸಿಂಬೆಗಳು, ಮತ್ತು ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಮೈಕು. ಇಷ್ಟೇ ಆಸ್ತಿ. ಅಪ್ಪ ದಿನಾ ಬೆಳಿಗ್ಗೆ ಭೋಂಗಾಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದ. ಒಂದು ಮಳೆಗಾಲದಲ್ಲಿ ಒಂದು ಭೋಂಗಾದೊಳಗೆ ಗುಬ್ಬಿ ಗೂಡು ಕಟ್ಟಿತು. ಮರಿಗಳು ಹಾರುವವರೆಗೆ ಅಪ್ಪ ಒಂದೇ ಭೋಂಗಾದಲ್ಲಿ ಮದುವೆ, ಕುಬಸ, ತೊಟ್ಟಿಲು ಎಲ್ಲವನ್ನೂ ಸಾಗಿಸಿದ. "ಗುಬ್ಬೀ ಬಾಣಂತನಾನೂ ಮಾಡ್ರಿ ಇನ್ನ" ಎಂದು ಅವ್ವ ಹಣೆ ಹಣೆ ಬಡಿದುಕೊಂಡಳು.

ಸಾಲಿಗೆ ಸೂಟಿ, ಅಂದರೆ ರಜೆ, ಇದ್ದಾಗೆಲ್ಲ ನಾನು ಅಪ್ಪನ ಜೋಡಿ ಊರೂರು ಹೋಗುತ್ತಿದ್ದೆ. ನನಗೊಂದು ಕೆಲಸವಿತ್ತು. ಅಪ್ಪ ಬೇವಿನ ಗಿಡ ಹತ್ತಿ ಭೋಂಗಾ ಕಟ್ಟಿ ಇಳಿದು ಬಂದು, ಮಷೀನಿನ ಮುಂದೆ ಕೂತು, ನನಗೆ ಹೇಳುತ್ತಿದ್ದ: "ಮಂದಿ ಎಲ್ಲಿತನ ಕುಂದ್ರತಾರೋ ಅದರಕಿಂತ ಜರಾ ದೂರ ಹೋಗಿ ನಿಂದ್ರವಾ." ನಾನು ಲಂಗ ಎತ್ತಿ ಹಿಡಿದು ಓಡುತ್ತಿದ್ದೆ. ತಿಪ್ಪೆಯ ಆಚೆ, ಹೊಲದ ಬದುವಿನ ಮೇಲೆ, ಎಲ್ಲೋ ಒಂದು ಕಡೆ ನಿಂತು ತಿರುಗಿದರೆ ಅಪ್ಪ ಮೈಕಿನಲ್ಲಿ ಕೇಳುತ್ತಿದ್ದ: "ಕೇಳತದೇನವಾ ಅಲ್ಲಿತನ?"

ಬೇರೆ ಮೈಕಿನವರೆಲ್ಲ ಹಲೋ ಹಲೋ ಅನ್ನುತ್ತಾರೆ, ಊದುತ್ತಾರೆ, ಮೈಕಿನ ತಲೆ ಬಡಿಯುತ್ತಾರೆ. ಅಪ್ಪ ಅದೊಂದನ್ನೂ ಮಾಡುತ್ತಿರಲಿಲ್ಲ. "ಮಾರಿ ಮ್ಯಾಲ ಊದಿದ್ರ ನಿನಗ ಸಿಟ್ಟ ಬರೂದಿಲ್ಲೇನು? ಅದಕ್ಕೂ ಹಂಗ" ಅನ್ನುತ್ತಿದ್ದ. ಅವನದು ಅದೊಂದೇ ಪ್ರಶ್ನೆ. ಇಡೀ ತಾಲೂಕಿಗೆ ಆ ಮಾತು ಬಾಯಿಪಾಠವಾಗಿತ್ತು. ನಾನು ಸಾಲಿಗೆ ಹೊರಟರೆ ಓಣಿಯ ಹುಡುಗರು ಗೋಡೆಯ ಮರೆಯಿಂದ "ಕೇಳತದೇನವಾ ಅಲ್ಲಿತನ?" ಎಂದು ಕೂಗಿ ಓಡಿಹೋಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಒಳಗೊಳಗೆ ಹಿಗ್ಗೂ ಆಗುತ್ತಿತ್ತು.

ಮಾತು ಸ್ವಚ್ಛ ಕೇಳಿದರೆ ನಾನು ಕೈ ಎತ್ತಬೇಕು. ಕೇಳದಿದ್ದರೆ, ಅಥವಾ ಗೊಗ್ಗರು ಗೊಗ್ಗರಾಗಿ ಕೇಳಿದರೆ, ಕೈ ಕಟ್ಟಿ ನಿಲ್ಲಬೇಕು. ಆಗ ಅಪ್ಪ ಮತ್ತೆ ಗಿಡ ಹತ್ತುತ್ತಿದ್ದ. ಭೋಂಗಾದ ಬಾಯಿ ತುಸು ತಿರುಗಿಸಿ, ಇಳಿದು ಬಂದು, ಮತ್ತೆ ಅದೇ ಪ್ರಶ್ನೆ. ಬಿಸಿಲಿನಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು. ಆದರೂ ನಾನು ಕೈ ಕಟ್ಟಿಕೊಂಡೇ ನಿಲ್ಲುತ್ತಿದ್ದೆ. ಯಾಕೆಂದರೆ ಮೊದಲ ದಿನವೇ ಅಪ್ಪ ಕಿವಿ ಹಿಂಡಿ ಹೇಳಿದ್ದ: "ಅಪ್ಪ ಬೆವತಾನ, ಪಾಪ, ಅಂತ ಸುಳ್ಳ ಕೈ ಎತ್ತಬ್ಯಾಡ ತಾಯಿ. ನೀ ಸುಳ್ಳ ಕೈ ಎತ್ತಿದಿ ಅಂದ್ರ ನಾ ಮಾಡಿದ್ದೆಲ್ಲಾ ಸುಳ್ಳ ಆಗ್ತದ."

ನಮ್ಮೂರಿನ ಗುಡ್ಡದ ಜೋಡಿ ಅಪ್ಪನಿಗೆ ಒಂದು ಹಳೆಯ ತಕರಾರಿತ್ತು. ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುವ ಆ ಗುಡ್ಡದ ಕಡೆ ಭೋಂಗಾ ಹಿಡಿದರೆ ದನಿ ಬಡಿದು ಹಿಂದಿರುಗಿ, ಒಂದು ಮಾತು ಎರಡಾಗುತ್ತಿತ್ತು. ಗಿರಾಕಿಗಳಿಗೆ ಅಪ್ಪ ಇದನ್ನು ಹೇಳುತ್ತಿರಲಿಲ್ಲ. "ಮಲಕೊಂಡೋರ ಕಿವಿಗೆ ಭೋಂಗಾ ಹಿಡೀಬಾರದ್ರೀ ಗೌಡ್ರ, ಛಲೋ ಅಲ್ಲ" ಅನ್ನುತ್ತಿದ್ದ. ಅವರು ಭಕ್ತಿಯಿಂದ ತಲೆಯಾಡಿಸುತ್ತಿದ್ದರು. ಅಪ್ಪ ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದ.

ಗಿರಾಕಿಗಳಿಗೆ ಬೇಕಾದದ್ದು ಜೋರು. ಅಪ್ಪನಿಗೆ ಬೇಕಾದದ್ದು ಸ್ವಚ್ಛ. ಈ ಎರಡರ ಜಗಳ ಅವನ ಜೀವಮಾನದ ಜಗಳ. ಸುರಪುರದ ಒಂದು ಮದುವೆಯಲ್ಲಿ ವರನ ಸೋದರಮಾವ ಬಂದು, "ಇನ್ನಾ ಜೋರ್ ಮಾಡೋ ಶರಣಪ್ಪ, ಬೀಗರಿಗಿ ನಮ್ಮ ಜೋರ್ ಗೊತ್ತಾಗ್ಲಿ" ಎಂದ. "ಇದಕಿಂತ ಜೋರ್ ಮಾಡಿದ್ರ ಮಾತ ಒಡೀತದ್ರಿ ಮಾಮಾ" ಎಂದ ಅಪ್ಪ. ಮಾವ ಕೇಳಬೇಕಲ್ಲ! ಅಪ್ಪ ಅತ್ತ ನೀರು ಕುಡಿಯಲು ಹೋದದ್ದೇ ತಡ, ತಾನೇ ಬಗ್ಗಿ ದನಿಯ ಗುಂಡಿ ತಿರುಗಿಸಿದ. ಭೋಂಗಾ ಕಿರ್ರನೆ ಚೀರಿ, ಚಪ್ಪರದಲ್ಲಿ ಮಲಗಿದ್ದ ಕೂಸುಗಳೆಲ್ಲ ಎದ್ದು ಅಳತೊಡಗಿದವು, ಮದುಮಗನ ಬಾಸಿಂಗ ಓರೆಯಾಯಿತು. ಅವತ್ತಿನಿಂದ ಅಪ್ಪ ಒಂದು ಪದ್ಧತಿ ಹಿಡಿದ. ದನಿ ಹದಕ್ಕೆ ಬಂದ ಕೂಡಲೇ ಮಷೀನಿನ ಗುಂಡಿಯನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಳ್ಳುವುದು. ಗುಂಡಿಯಿಲ್ಲದ ಮಷೀನನ್ನು ಯಾರು ಏನು ತಿರುವಿಯಾರು? ಮದುವೆ ಮುಗಿದು ಮನೆಗೆ ಬಂದರೂ ಗುಂಡಿ ಕಿಸೆಯಲ್ಲೇ. ಅವ್ವ ಅಂಗಿ ಒಗೆಯುವಾಗ ಅದು ಕಲ್ಲಿಗೆ ಟಣ್ ಅನ್ನುತ್ತಿತ್ತು. "ಮಂದಿ ಗಂಡಸರ ಕಿಸೆದಾಗ ಪೈಸೆ ಇರ್ತಾವ, ಅಡಕಿ ಇರ್ತಾವ. ನಮ್ಮವರ ಕಿಸೆದಾಗ ಗುಂಡಿ!"

ನೀವೂ ಕೇಳಬಹುದು, ಮೈಕ್‌ಸೆಟ್ಟಿನ ಕೆಲಸಕ್ಕೆ ಇಷ್ಟೊಂದು ಹುಚ್ಚು ಯಾಕೆ ಎಂದು. ನಾನೂ ಒಮ್ಮೆ ಕೇಳಿದ್ದೆ. ಅಪ್ಪ ವೈರು ಸುತ್ತುತ್ತ ಹೇಳಿದ. ಅವನು ಸಣ್ಣವನಿದ್ದಾಗ ಅವರ ಹಳ್ಳಿಯಲ್ಲಿ ಶ್ರಾವಣ ಮಾಸದಲ್ಲಿ ಪುರಾಣ ಹೇಳಿಸುತ್ತಿದ್ದರು. ನಮ್ಮ ಕೇರಿಯವರು ಗುಡಿಯ ಅಂಗಳಕ್ಕೆ ಹೋಗುವಂತಿರಲಿಲ್ಲ. ಗೋಡೆಯ ಹೊರಗೆ, ಹಾದಿಯ ಆಚೆ ಕೂಡಬೇಕು. ಮುತ್ಯಾ, ಅಂದರೆ ಅಪ್ಪನ ಅಪ್ಪ, ಇವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಲ್ಲಿ ಕೂಡುತ್ತಿದ್ದ. ಒಂದಕ್ಷರ ಕೇಳುತ್ತಿರಲಿಲ್ಲ. ಗೋಡೆಯ ಒಡಕಿನಿಂದ ಒಳಗಿನವರ ತಲೆಗಳಷ್ಟೇ ಕಾಣುತ್ತಿದ್ದವು. ಅವರು ಹೌದ್ಹೌದೆಂಬಂತೆ ತಲೆ ಹಾಕಿದಾಗ ಮುತ್ಯಾನೂ ತಲೆ ಹಾಕುತ್ತಿದ್ದ. "ಎಪ್ಪಾ, ಏನಂದ್ರು?" ಎಂದು ಹುಡುಗ ಕೇಳಿದರೆ, "ಛಲೋದ ಏನರ ಹೇಳಿರಬೇಕಪಾ, ಎಲ್ಲಾರೂ ತಲಿ ಹಾಕಾಕತ್ತಾರ" ಅನ್ನುತ್ತಿದ್ದ.

"ಮುಂದ ಒಂದ ವರ್ಷ ಯಾದಗಿರಿಂದ ಮೈಕ್‌ಸೆಟ್ ತರಿಸಿದ್ರು ನೋಡು" ಎಂದ ಅಪ್ಪ. "ದನಿ ಗ್ವಾಡಿ ಜಿಗದ ಹೊರಗ ಬಂತು. ಯಾರ ಅಪ್ಪಣಿ ಕೇಳಲಿಲ್ಲ ಅದು. ನಮ್ಮಪ್ಪ ಅವತ್ತ ಅತ್ತುಬಿಟ್ಟ." ಇಷ್ಟು ಹೇಳಿ ವೈರಿನ ಸಿಂಬೆಯನ್ನು ಮೊಳೆಗೆ ಹಾಕಿ ಎದ್ದುಹೋದ. ನಾನು ಅವತ್ತಿನಿಂದ ಇನ್ನಷ್ಟು ದೂರ ಹೋಗಿ ನಿಲ್ಲತೊಡಗಿದೆ.

ಕಾಲುವೆಗೆ ನೀರು ಬಂದ ದಿನದ ಕತೆ ಹೇಳದೆ ಅಪ್ಪನ ಕತೆ ಪೂರಾ ಆಗುವುದಿಲ್ಲ. ಶಿರವಾಳ ನಮ್ಮವ್ವನ ತವರು. ಅಲ್ಲಿಯ ಹೊಲಗಳ ನಡುವೆ ತೋಡಿದ ಉಪಕಾಲುವೆ ಎಷ್ಟೋ ಬೇಸಿಗೆ ಒಣಗಿ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ನಾವು ಹುಡುಗರು ಅದರಲ್ಲಿ ಜಾರುಬಂಡಿ ಆಡುತ್ತಿದ್ದೆವು. ಕೊನೆಗೂ ನೀರು ಬಿಡುತ್ತಾರೆಂದು ಸುದ್ದಿಯಾಗಿ, ದಂಡೆಯ ಮೇಲೆ ಚಪ್ಪರ ಹಾಕಿ, ಮೈಕಿಗೆ ಅಪ್ಪನನ್ನು ಕರೆಸಿದರು. ಊರಿಗೆ ಊರೇ ಕಾಯಿ ಕರ್ಪೂರ ಹಿಡಿದು ನಿಂತಿತ್ತು. ನಾನು ಕಾಲುವೆಯ ಗುಂಟ ನಡೆದು ದೂರದ ತೂಬಿನ ಹತ್ತಿರ ನಿಂತೆ.

ಅವ್ವ ಅವತ್ತು ಹೊಸ ಸೀರೆ ಉಟ್ಟಿದ್ದಳು. ಅವಳ ಅಣ್ಣತಮ್ಮಂದಿರು ಇಸ್ತ್ರಿ ಅಂಗಿಯಲ್ಲಿದ್ದರು. ನಮ್ಮಪ್ಪನೋ, ಗಿಡ ಹತ್ತಿ ಇಳಿದು, ಬೇವಿನ ತೊಗಟೆಯ ಕಲೆ ಹತ್ತಿದ, ಬಗಲಲ್ಲಿ ಹರಿದ ಅಂಗಿಯಲ್ಲಿ ಮಷೀನಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅವ್ವನಿಗೆ ತಡೆಯಲಾಗಲಿಲ್ಲ. ಚಪ್ಪರದ ಹಿಂದಿನಿಂದ ಬಂದು ಅವನ ಮಗ್ಗುಲಲ್ಲೇ ನಿಂತು ಶುರು ಮಾಡಿದಳು. ಅಪ್ಪನ ಕೈಯಲ್ಲಿ ಮೈಕಿತ್ತು. ಮೈಕು ಚಾಲೂ ಇತ್ತು.

"ನನ್ನ ತವರಮನಿ ಮಂದಿ ಮುಂದ ಈ ಹರಕ ಅಂಗಿ ಹಾಕ್ಕೊಂಡ ಕುಂತೀರಲ್ಲ, ನಾಚಿಕಿ ಅನ್ನೂದು ಅದನೋ ಇಲ್ಲೋ? ಭೋಂಗಾಕ್ಕ ದಿನಾ ಎಣ್ಣಿ ಹಚ್ಚತೀರಿ, ಹೇಣ್ತಿ ತಲಿಗಿ ಒಂದ ದಿನರ ಹಚ್ಚೀರೇನ್ರಿ? ಆ ತಗಡನ್ನ ಕಟ್ಕೊಬೇಕಾಗಿತ್ತು, ನನ್ನ ಯಾಕ ಕಟ್ಕೊಂಡ್ರಿ?"

ಎರಡೂ ಭೋಂಗಾಗಳಿಂದ ಇದು ದಂಡೆಯ ಈ ತುದಿಯಿಂದ ಆ ತುದಿಯವರೆಗೆ ಹರಡಿತು. ಕರ್ಪೂರ ಹಚ್ಚುತ್ತಿದ್ದವರ ಕೈ ನಿಂತಿತು. ದೂರದಲ್ಲಿದ್ದ ನನಗೆ ಅವ್ವನ ಒಂದೊಂದು ಅಕ್ಷರವೂ ಮುತ್ತು ಸುರಿದ ಹಾಗೆ ಕೇಳಿಸಿತು. ಕೇಳಿಸಿದ ಮೇಲೆ ಇನ್ನೇನು, ಕೈ ಎತ್ತಿದೆ. ಅಪ್ಪ ನನ್ನ ಕೈ ನೋಡಿ, ಏನು ನಡೆದಿದೆ ಎಂಬುದು ತಲೆಗೆ ಹೋಗುವ ಮೊದಲೇ, ಖುಷಿಯಿಂದ ನಕ್ಕುಬಿಟ್ಟನಂತೆ. ಅದನ್ನು ನೋಡಿ ಇಡೀ ದಂಡೆ ನಗತೊಡಗಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಣ್ಣನ ಮನೆ ಸೇರಿದವಳು ಹೊರಗೆ ಬರಲಿಲ್ಲ. ಪಾಪ, ಆಮೇಲೆ ಬಂದ ನೀರನ್ನೂ ನೋಡಲಿಲ್ಲ. ಕೆಂಪು ನೀರು, ನೊರೆಯನ್ನೂ ಕಸಕಡ್ಡಿಯನ್ನೂ ದೂಡಿಕೊಂಡು ನಿಧಾನ ಬಂತು. ಹೆಂಗಸರು ಅದಕ್ಕೆ ಅರಿಷಿಣ ಕುಂಕುಮ ಹಾಕಿ ಉಡಿ ಒಡ್ಡಿದರು.

ಮರಳಿ ಬರುವಾಗ ಬಂಡಿಯಲ್ಲಿ ಅವ್ವ ಮಾರಿ ತಿರುಗಿಸಿಕೊಂಡು ಕೂತಳು. ಅಪ್ಪನೇ ಸಮಾಧಾನ ಮಾಡಿದ: "ಬೈದದ್ದ ಬಿಡು, ನಿನ್ನ ದನಿ ಮೈಕಿಗಿ ಎಷ್ಟ ಛಲೋ ಹೊಂದ್ತದ ಗೊತ್ತದನು?" ಅವ್ವ ಅವನ ಬೆನ್ನಿಗೊಂದು ಗುದ್ದಿದಳು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ನೀರಿನ ಕಡೆ ನೋಡುತ್ತ ಅಂದ: "ಕಟ್ಟಕಡೀ ಹೊಲಕ್ಕ ನೀರ ಮುಟ್ಟಿದ್ರ ಅದು ಕಾಲವಿ. ಇಲ್ಲಂದ್ರ ಉದ್ದನ್ನ ತೆಗ್ಗು, ಅಷ್ಟ. ಮೈಕ್ ಭೀ ಹಂಗ." ಕಡೆಯ ಹೊಲಗಳಿಗೆ ನೀರು ಮುಟ್ಟಲು ಮತ್ತೆ ಬಹಳ ಕಾಲ ಹಿಡಿಯಿತು, ಅದು ಬೇರೆ ಮಾತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ನೀರಾವರಿ ನಂಬಿ ಬಂದು ನೆಲೆಸಿದ ತೆಲುಗು ಮಂದಿಯ ಕ್ಯಾಂಪುಗಳಲ್ಲಿ ಮದುವೆಗಳು ಶುರುವಾದವು, ಅಪ್ಪನಿಗೆ ಕೈತುಂಬ ಕೆಲಸ. "ನೀರ ಬಂದ ಮ್ಯಾಲ ದನಿ ಹೊಲದ ಮ್ಯಾಲ ಜಾರ್ಕೊಂತ ಹೋಗ್ತದ ನೋಡವಾ" ಎಂದು ಸಂಜೆ ತಂಪಿನಲ್ಲಿ ನನ್ನನ್ನು ಮತ್ತೂ ದೂರ ಕಳಿಸುತ್ತಿದ್ದ.

ಮುಂದೆ ಆಳೆತ್ತರದ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಿಗಳು ಬಂದವು. ಎದೆ ನಡುಗಿಸುವ ಸಂಗೀತ ಬಂತು. ಭೋಂಗಾ ಯಾರಿಗೂ ಬೇಡವಾಯಿತು. ನನಗೆ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕು ಯಾದಗಿರಿಯಲ್ಲಿ ಮನೆ ಮಾಡಿದಾಗ ಅಪ್ಪ ಅವ್ವ ನನ್ನ ಜೋಡಿಯೇ ಬಂದರು. ಭೋಂಗಾಗಳೂ ಬಂದವು. ಅವುಗಳಿಗೆ ಎಣ್ಣೆ ಹಚ್ಚುವುದು ಮಾತ್ರ ನಿಲ್ಲಲಿಲ್ಲ.

ನಿಂತದ್ದು ಅಪ್ಪನ ಕಿವಿ. ಜೀವಮಾನವಿಡೀ ಭೋಂಗಾದ ಮಗ್ಗುಲಲ್ಲಿ ಕೂತ ಕಿವಿಗಳು. ಏನು ಕೇಳಿದರೂ ಅಪ್ಪ "ಹೌದ್ಹೌದು" ಅನ್ನತೊಡಗಿದ. ಚಹಾ ಬೇಕೇ ಎಂದರೂ ಹೌದ್ಹೌದು, ಮಳೆ ಬಂತೇ ಎಂದರೂ ಹೌದ್ಹೌದು. ಒಂದು ದಿನ ಅವ್ವ ಹಿಂದಿನಿಂದ ಕೇಳಿದಳು: "ನಿಮ್ಮ ಮಷೀನ ಮಾರಿಬಿಡ್ಲೇನ್ರಿ?" ಅಪ್ಪ ಭೋಂಗಾ ಒರೆಸುತ್ತ, "ಹೌದ್ಹೌದು" ಎಂದ. ಅವ್ವ ಅಡಿಗೆಮನೆಗೆ ಬಂದು ಕೂತು ಅತ್ತಳು. ಕಿವಿಯೊಳಗೆ ಇಟ್ಟುಕೊಳ್ಳುವ ಯಂತ್ರ ತಂದುಕೊಟ್ಟೆ. ಒಂದು ವಾರ ಹಾಕಿಕೊಂಡು ತೆಗೆದು ಡಬ್ಬಿಗಿಟ್ಟ. "ಇದರ ದನಿ ಸ್ವಚ್ಛಿಲ್ಲ ತಾಯಿ, ಬರೇ ಜೋರದ" ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೀಗಿರುವಾಗ ಸೈದಾಪುರದ ಹತ್ತಿರದ ನಮ್ಮ ಸಾಲಿಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತು. ಹಿಂದಿನ ದಿನ ಮಧ್ಯಾಹ್ನ, ಡಬ್ಬಿಗಳವನು ಯಾವುದೋ ದೊಡ್ಡ ಮದುವೆ ಹಿಡಿದು ನಮಗೆ ಕೈಕೊಟ್ಟ. ಹೆಡ್‌ಮಾಸ್ತರರು ನನ್ನ ಕಡೆ ತಿರುಗಿದರು: "ಟೀಚರ್, ನಿಮ್ಮ ತಂದಿಯವರ ಹತ್ರ ಒಂದ್ ಹಳೀ ಸೆಟ್ ಅದ ಅಂತಿದ್ರಲ್ಲ?" ಮನೆಯಲ್ಲಿ ಅಪ್ಪನಿಗೆ ಕೈಸನ್ನೆ ಮಾಡಿ, ಕೂಗಿ ತಿಳಿಸಿದೆ. ಮುಖ ಅರಳಿತು. ಅವ್ವ ನನ್ನನ್ನು ಒಳಗೆ ಎಳೆದಳು. "ಬ್ಯಾಡವಾ. ಕಿವಿ ಕೇಳೂದಿಲ್ಲ ಅವರಿಗಿ. ಇಷ್ಟ ವರ್ಷ ಮೈಕಿನ ಶರಣಪ್ಪ ಅನಿಸಿಕೊಂಡಾರ. ಮಂದ್ಯಾಗ ಮಾನ ಹೋಗ್ತದ." ಅವಳ ಮಾತು ಸುಳ್ಳಲ್ಲ. ಆದರೆ ಅಪ್ಪ ಆಗಲೇ ವೈರು ಬಿಚ್ಚುತ್ತ ಕೂತಿದ್ದ.

ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಅಪ್ಪ, ಅವ್ವ, ನಾನು, ಎರಡು ಭೋಂಗಾ. ಸಾಲಿಯ ಬಯಲಲ್ಲಿ ಅಪ್ಪ ಕಂಬಕ್ಕೆ ಭೋಂಗಾ ಕಟ್ಟಿಸಿದ, ಒಂದು ವೇದಿಕೆಯ ಮುಂದಿನವರಿಗೆ, ಒಂದು ಗೇಟಿನ ಕಡೆಗೆ. ನನ್ನತ್ತ ನೋಡಿ ಗದ್ದ ಎತ್ತಿದ. ಹೋಗಿ ನಿಂದ್ರು ಎಂದರ್ಥ. ನಾನು ಗೇಟಿನ ತನಕ ಹೋದೆ.

ಗೇಟಿನ ಹೊರಗೆ ನಮ್ಮ ನಿಂಗಮ್ಮನ ಅಪ್ಪ ಅವ್ವ ನಿಂತಿದ್ದರು. ನಿಂಗಮ್ಮ ಒಂಬತ್ತನೆಯ ಇಯತ್ತೆಯ ಹುಡುಗಿ, ಕುರಿ ಕಾಯುವವರ ಮಗಳು. ಅವತ್ತು ಮೊದಲ ಭಾಷಣ ಅವಳದೇ. ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ, ಹೆಗಲ ಮೇಲಿನ ಕಂಬಳಿ ಸಮೇತ ಬಂದಿದ್ದರು. "ಒಳಗ ಬರ್ರಿ, ಕುರ್ಚಿ ಅದಾವ" ಎಂದೆ. "ಇರ್ಲಿ ಬಿಡ್ರಿ ಟೀಚರ್ ಅಕ್ಕಾರ, ಇಲ್ಲೇ ಬೇಸದ. ಇಲ್ಲಿಂದ ಕೇಳ್ತೀವಿ" ಎಂದಳು ಆಕೆ. ಎಷ್ಟು ಕರೆದರೂ ಬರಲಿಲ್ಲ.

"ಕೇಳತದೇನವಾ ಅಲ್ಲಿತನ?"

ಅಪ್ಪನ ದನಿ ಬಂತು. ಆದರೆ ಬಾವಿಯೊಳಗಿಂದ ಬಂದಂತೆ, ಅರ್ಧ ಗಾಳಿಗೆ ಹೋಗಿ, ಅರ್ಧ ಗೊಗ್ಗರಾಗಿ. ಗೇಟಿನ ಕಡೆಯ ಭೋಂಗಾ ಮಾತಾಡುತ್ತಲೇ ಇರಲಿಲ್ಲ. ಮುಂದೆ ಕೂತ ಮಕ್ಕಳು "ಕೇಳತದ್ರೀ!" ಎಂದು ಒಕ್ಕೊರಲಿನಿಂದ ಕೂಗಿದವು. ಅಪ್ಪನಿಗೆ ಅದು ಕೇಳಲಿಲ್ಲ. ಕೇಳಿದ್ದರೂ ಅವನು ಒಪ್ಪುತ್ತಿರಲಿಲ್ಲ. ಅವನು ನೋಡುತ್ತಿದ್ದುದು ನನ್ನ ಬಲಗೈಯನ್ನು.

ಹೆಡ್‌ಮಾಸ್ತರರು ಗಡಿಯಾರ ನೋಡಿಕೊಂಡರು. ನನ್ನ ಮಗ್ಗುಲಲ್ಲಿದ್ದ ಹಿಂದಿ ಟೀಚರ್ ಪಿಸುಗುಟ್ಟಿದರು, "ಪಾಪ, ವಯಸ್ಸಾದೋರು, ಕೈ ಎತ್ತಿಬಿಡ್ರಿ." ಮುಂದಿನ ಸಾಲಿನಿಂದ ಅವ್ವ ತಿರುಗಿ, ಸೆರಗಿನ ಮರೆಯಲ್ಲಿ ಎತ್ತು ಎತ್ತು ಎಂದು ಸನ್ನೆ ಮಾಡುತ್ತಿದ್ದಳು. ಎತ್ತಿದರೆ ಅಪ್ಪ ನಂಬುತ್ತಿದ್ದ. ಹಾಯಾಗಿ ಕೂತು ಕಾರ್ಯಕ್ರಮ ಮುಗಿಸಿ, ಮಾನದಿಂದ ಮನೆಗೆ ಬರುತ್ತಿದ್ದ. ಎತ್ತದಿದ್ದರೆ, ಸ್ವಂತ ಭೋಂಗಾ ಸತ್ತದ್ದೂ ಈ ಮುದುಕನಿಗೆ ತಿಳಿಯಲಿಲ್ಲ ಎಂದು ಇಡೀ ಬಯಲಿಗೆ ಗೊತ್ತಾಗುತ್ತಿತ್ತು. ಗೇಟಿನಾಚೆ ನಿಂಗಮ್ಮನ ಅಪ್ಪ ಕತ್ತು ಉದ್ದ ಮಾಡಿ ವೇದಿಕೆಯ ಕಡೆ ನೋಡುತ್ತಿದ್ದ. ನಾನು ಕೈ ಕಟ್ಟಿ ನಿಂತೆ.

ಅಪ್ಪ ಒಂದು ಕ್ಷಣ ಹಾಗೇ ನೋಡಿದ. ಆಮೇಲೆ ಚಪ್ಪಲಿ ಬಿಟ್ಟ. ಬೆಂಚು ಎಳೆದುಕೊಂಡು, ಕಂಬ ಹಿಡಿದು ಹತ್ತಿದ. ಒಬ್ಬ ಮಾಸ್ತರರಿಗೆ ಮೈಕಿನಲ್ಲಿ ಮಾತಾಡುತ್ತಿರಲು ಸನ್ನೆ ಮಾಡಿ, ಒಂದು ಭೋಂಗಾದ ಮೈಮೇಲೆ ಅಂಗೈ ಇಟ್ಟ. ಅದು ಅದುರುತ್ತಿತ್ತು. ಇನ್ನೊಂದರ ಮೇಲೆ ಇಟ್ಟ. ಬಹಳ ಹೊತ್ತು ಇಟ್ಟ. ಅದು ಸುಮ್ಮನಿತ್ತು. ಗಾಡಿಯ ನೂಕುನುಗ್ಗಲಿನಲ್ಲಿ ವೈರಿನ ಕೀಲು ಸಡಿಲಾಗಿತ್ತು. ಹಲ್ಲಿನಿಂದ ವೈರಿನ ಸಿಪ್ಪೆ ಸುಲಿದು, ಹುರಿಮಾಡಿ, ಕಟ್ಟಿ, ಇಳಿದು ಬಂದ. ಕಿಸೆಯಿಂದ ಗುಂಡಿ ತೆಗೆದು ಮಷೀನಿಗೆ ಹಾಕಿ, ತುಸುವೇ ತಿರುಗಿಸಿ, ಮತ್ತೆ ಕಿತ್ತು ಕಿಸೆಗೆ ಹಾಕಿಕೊಂಡ. ಮೈಕು ಹಿಡಿದ.

"ಕೇಳತದೇನವಾ ಅಲ್ಲಿತನ?"

"ಎವ್ವಾ, ಬಾಜೂಕ ನಿಂತ ಮಾತಾಡಿದಂಗ ಆತಲ್ರಿ!" ಎಂದು ನಿಂಗಮ್ಮನ ಅವ್ವ ಬೆಚ್ಚಿಬಿದ್ದಳು. ನನ್ನ ಕೈ ಎದ್ದಿತು. ಐದೂ ಬೆರಳು ಅಗಲಿಸಿಕೊಂಡು. ಅಪ್ಪ ಮೈಕನ್ನು ನಿಂಗಮ್ಮನ ಕೈಗೆ ಕೊಟ್ಟ. ಅವಳು ಮೊದಲು ತನ್ನ ಅಪ್ಪ ಅವ್ವನ ಹೆಸರು ಹೇಳಿದಳು, ಆಮೇಲೆ ಉಳಿದದ್ದು. ಗೇಟಿನ ಹೊರಗೆ ಆತ ಕಂಬಳಿಯ ತುದಿ ಬಿಗಿಯಾಗಿ ಹಿಡಿದುಕೊಂಡು ಮಗಳ ಮಾತಿಗೆ ತಲೆ ಹಾಕುತ್ತಿದ್ದ. ಒಳಗಿನವರನ್ನು ನೋಡಿ ಹಾಕುತ್ತಿದ್ದುದಲ್ಲ, ಕಣ್ಣು ಮುಚ್ಚಿಕೊಂಡಿದ್ದ.

ಸಂಜೆ ಗಾಡಿಯಲ್ಲಿ ಅವ್ವ ನನ್ನ ಮೇಲೆ ಹರಿಹಾಯ್ದಳು. "ಎಂಥ ಮಗಳದಿಯವಾ ನೀ! ಒಂದ ಕೈ ಎತ್ತಿದ್ರ ನಿನ್ನ ಗಂಟೇನ ಹೋಗ್ತಿತ್ತು? ನಿಮ್ಮಪ್ಪನ ಕಿವಿ ಹೋಗ್ಯಾವ ಅಂತ ಊರಿಗೆಲ್ಲಾ ಗೊತ್ತಾತು." ಹೇಳುತ್ತ ಹೇಳುತ್ತ ಕಿವಿ ಮುಟ್ಟಿ ತೋರಿಸಿ, ಕಣ್ಣು ಒರೆಸಿಕೊಂಡಳು.

ಕಿಟಕಿಯ ಹತ್ತಿರ ತೊಡೆಯ ಮೇಲೆ ಭೋಂಗಾ ಇಟ್ಟುಕೊಂಡಿದ್ದ ಅಪ್ಪ ಅವಳ ಕೈ ನೋಡಿ ವಿಷಯ ತಿಳಿದುಕೊಂಡ. ಕಿವಿ ಕೇಳದವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ, ಗಾಡಿಯ ಡಬ್ಬಿಗೆಲ್ಲ ಕೇಳುವ ಹಾಗೆ, ನನ್ನ ಕಡೆ ಗದ್ದ ಎತ್ತಿ, ಅಂದ: "ಯಾರಂದ್ರು ನನ್ನ ಕಿವಿ ಹೋಗ್ಯಾವಂತ? ಎಲ್ಲಿ ಹೋಗ್ಯಾವ? ಮುಂಜಾನಿಂದ ಗೇಟಿನ ಬಲ್ಲಿ ನಿಂತಿದ್ವಲ್ಲ!"

ಡಬ್ಬಿಯ ಆ ತುದಿಯಲ್ಲಿದ್ದವರೂ ತಿರುಗಿ ನೋಡಿದರು. ಅಷ್ಟು ಸ್ವಚ್ಛವಾಗಿ ಕೇಳಿಸಿತ್ತು. ನಾನು ಕೈ ಎತ್ತಿದೆ.